ಮನೆಯ ವಿಷಯ ಎನ್ನುವವರಿಗೆ ಇನ್ನೊಂದು ಮನವಿ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಹೊಡೆತ ತಿಂದ ಹೆಣ್ಣುಮಗಳು ಠಾಣೆಯ ಮೆಟ್ಟಿಲು ಹತ್ತಿದರೆ ಪೊಲೀಸರು ಈ ಗಾದೆ ಹೇಳಿ ವಾಪಸು ಕಳುಹಿಸುತ್ತಿದ್ದರು. ತವರಿಗೆ ಓಡಿ ಬಂದರೆ ಹೆತ್ತವರೂ ಇದನ್ನೇ ಹೇಳಿ ಮರುದಿನದ ಬಸ್ಸು ಹತ್ತಿಸುತ್ತಿದ್ದರು. ಉಂಡು ಮಲಗಿದ ಮೇಲೆ ಮತ್ತೆ ಏಳದೇ ಹೋದವರ ಲೆಕ್ಕವನ್ನು ಮಾತ್ರ ಗಾದೆ ಕಟ್ಟಿದವರು ಇಡಲಿಲ್ಲ. "ಇದು ಮನೆಯ ವಿಷಯ, ಹೊರಗಿನವರು ತಲೆ ಹಾಕಬಾರದು" ಎಂಬ ಒಂದೇ ಮಾತು ಎಷ್ಟು 'ಸ್ಟವ್ ಸಿಡಿದ' ಪ್ರಕರಣಗಳನ್ನು ಮುಚ್ಚಿಹಾಕಿತೆಂಬುದು ಈ ಪತ್ರಿಕೆಯ ಓದುಗ ಗೆಳತಿಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆ ಗೋಡೆ ತಾನಾಗಿ ಬೀಳಲಿಲ್ಲ. 1979ರಲ್ಲಿ ಮಥುರಾ ಪ್ರಕರಣದ ತೀರ್ಪನ್ನು ಪ್ರಶ್ನಿಸಿ ನಾಲ್ವರು ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿಗೆ ಬಹಿರಂಗ ಪತ್ರ ಬರೆದರು. ಊರೂರಿನಲ್ಲಿ ಹೆಂಗಸರು ಬೀದಿಗಿಳಿದರು, ಸಹಿ ಸಂಗ್ರಹಿಸಿದರು, ಲೋಕಸಭಾ ಸದಸ್ಯರ ಬಾಗಿಲು ತಟ್ಟಿದರು. ಅದರ ಫಲವಾಗಿ 1983ರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಸಾರುವ 498-ಎ ಕಲಮು ಬಂತು. 1986ರಲ್ಲಿ ವರದಕ್ಷಿಣೆ ಸಾವಿನ 304-ಬಿ ಕಲಮು ಬಂತು. 2005ರಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂತು. ಮನೆಯ ವಿಷಯವೆಂದು ಮುಚ್ಚಿಟ್ಟದ್ದನ್ನು ಸಂಸತ್ತಿನ ವಿಷಯವನ್ನಾಗಿ ಮಾಡಿದವರು ನಮ್ಮಂಥ ಹೆಂಗಸರೇ.

ಈ ಹಳೆಯ ಕಥೆಯನ್ನು ನೆನೆಯಲು ಕಾರಣವಿದೆ. ಅದೇ ಗೋಡೆ ಈಗ ಹೊಸ ರೂಪದಲ್ಲಿ ಎದ್ದು ನಿಂತಿದೆ. ಈ ಸಲ ಅದು ನಮ್ಮ ಅಂಗೈಯಲ್ಲೇ ಇದೆ, ಮೊಬೈಲ್ ಫೋನಿನಲ್ಲಿ.

ಫೋನು ಹೆಣ್ಣಿಗೆ ಎಂಥ ಆಸರೆಯೆಂಬುದನ್ನು ನಾವು ಬಲ್ಲೆವು. ಸಂಘದ ಸಭೆಯ ಸುದ್ದಿ, ಮಗನ ಶಾಲೆಯ ಸಂದೇಶ, ಗೃಹಲಕ್ಷ್ಮಿಯ ಹಣ ಜಮೆಯಾದ ಸೂಚನೆ ಎಲ್ಲವೂ ಅದರಲ್ಲೇ ಬರುತ್ತವೆ. ರಾತ್ರಿ ಹೊತ್ತು ಆಪತ್ತು ಬಂದರೆ ಮಹಿಳಾ ಸಹಾಯವಾಣಿ 181ಕ್ಕೋ ಪೊಲೀಸರ 112ಕ್ಕೋ ಕರೆ ಮಾಡುವುದೂ ಅದರಿಂದಲೇ. ಆದರೆ ತನ್ನದೇ ಎನ್ನುವ ಫೋನು ಎಷ್ಟು ಹೆಂಗಸರ ಬಳಿ ಇದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಫೋನು ಇದ್ದ ಮಹಿಳೆಯರು ದೇಶದಲ್ಲಿ ನೂರಕ್ಕೆ ಸುಮಾರು 54 ಮಂದಿ. ಒಮ್ಮೆಯಾದರೂ ಅಂತರಜಾಲ ಬಳಸಿದ್ದವರು ಮೂರರಲ್ಲಿ ಒಬ್ಬರು. ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು ನಮ್ಮ ರಾಜ್ಯಕ್ಕೆ ತಲೆತಗ್ಗಿಸುವಂಥದ್ದು: ಮದುವೆಯಾದ ಮಹಿಳೆಯರಲ್ಲಿ ಗಂಡನ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ನೂರಕ್ಕೆ 44. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿ. ಹಿಂಸೆ ಇರುವ ಮನೆಯಲ್ಲಿ ಫೋನು ಯಾರ ಕೈಯಲ್ಲಿರುತ್ತದೆ? ಅದರ ಗುಪ್ತಸಂಖ್ಯೆ ಯಾರಿಗೆ ಗೊತ್ತಿರುತ್ತದೆ?

ಮೊದಲು ಮನೆಯೊಳಗಿನ ಕಾವಲನ್ನು ನೋಡೋಣ. ಹಿಂದೆ ಹೆಂಡತಿಯ ಮೇಲೆ ಕಣ್ಣಿಡಲು ಅತ್ತೆ ನಾದಿನಿಯರು ಬೇಕಾಗಿದ್ದರು. ಈಗ ಅವರ ಕೆಲಸವನ್ನು ಫೋನೇ ಮಾಡುತ್ತದೆ. ಗೂಗಲ್ ಖಾತೆಯನ್ನು ಗಂಡನೇ ತೆರೆದುಕೊಟ್ಟಿದ್ದರೆ ಅದರ ಪಾಸ್‌ವರ್ಡ್ ಅವನ ಬಳಿಯೇ ಇರುತ್ತದೆ. ಹೆಂಡತಿ ಎಲ್ಲೆಲ್ಲಿ ಹೋದಳು, ಏನೇನು ಹುಡುಕಿದಳು ಎಂಬುದನ್ನು ಅವನು ಕುಳಿತಲ್ಲೇ ನೋಡಬಹುದು. ಸ್ಥಳ ತೋರಿಸುವ ಸೌಲಭ್ಯವನ್ನು ಒಮ್ಮೆ ಒತ್ತಿಟ್ಟರೆ ಸಾಕು, ಅವಳು ಹತ್ತಿದ ಬಸ್ಸು ಯಾವ ಊರು ದಾಟಿತೆಂಬುದು ಅವನ ಪರದೆಯ ಮೇಲೆ ಕಾಣುತ್ತದೆ. ಅವಳ ವಾಟ್ಸ್‌ಆ್ಯಪನ್ನು ಮತ್ತೊಂದು ಫೋನಿಗೋ ಕಂಪ್ಯೂಟರಿಗೋ ಜೋಡಿಸಿದರೆ ಅವಳಿಗೆ ಬರುವ ಸಂದೇಶ ಅಲ್ಲಿಯೂ ಬಂದು ಬೀಳುತ್ತದೆ. ಇನ್ನು ಕೆಲವು ಆ್ಯಪ್‌ಗಳಿವೆ, ಅವು ಇರುವುದೇ ಬೇಹುಗಾರಿಕೆಗಾಗಿ. ಫೋನಿನಲ್ಲಿ ಅಡಗಿ ಕುಳಿತು ಕರೆ, ಚಿತ್ರ, ಸಂದೇಶಗಳನ್ನು ಇನ್ನೊಬ್ಬರಿಗೆ ಕಳುಹಿಸುತ್ತಿರುತ್ತವೆ.

ಇದರ ಪರಿಣಾಮ ಸಣ್ಣದಲ್ಲ. ಸಾಂತ್ವನ ಕೇಂದ್ರಕ್ಕೆ ಹೋಗಿ ಬಂದದ್ದು ಮನೆ ಸೇರುವ ಮೊದಲೇ ಗಂಡನಿಗೆ ತಿಳಿದುಬಿಟ್ಟರೆ ಅವಳು ಮತ್ತೆ ಅತ್ತ ಕಾಲಿಡುವಳೇ? ವಕೀಲರಿಗೆ ಕಳುಹಿಸಿದ ಸಂದೇಶವನ್ನು ಎದುರಾಳಿಯೇ ಓದುತ್ತಿದ್ದರೆ ಅವಳು ಯಾವ ಧೈರ್ಯದಿಂದ ಮೊಕದ್ದಮೆ ನಡೆಸಿಯಾಳು? ಹಿಂಸೆಯ ಮನೆಯಿಂದ ಹೊರಬರುವ ಘಳಿಗೆಯೇ ಅತ್ಯಂತ ಅಪಾಯದ ಘಳಿಗೆಯೆಂಬುದು ಇಂಥ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದವರೆಲ್ಲರ ಅನುಭವ. ಅಡಗಿದ ಜಾಗದ ಗುಟ್ಟು ಫೋನಿನಿಂದಲೇ ಬಯಲಾದರೆ ಅದು ಪ್ರಾಣದ ಪ್ರಶ್ನೆ.

ಎರಡನೆಯ ಕಾವಲುಗಾರ ಮನೆಯ ಹೊರಗಿದ್ದಾನೆ. ನಾವು ನೋಡುವ ಪ್ರತಿಯೊಂದು ಪುಟವೂ, ಒತ್ತುವ ಪ್ರತಿಯೊಂದು ಗುಂಡಿಯೂ ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತದೆ. 'ಕುಕಿ' ಎನ್ನುವ ಸಣ್ಣ ಗುರುತುಚೀಟಿಯನ್ನು ಅವು ನಮ್ಮ ಫೋನಿನಲ್ಲಿ ಇಟ್ಟು ಹೋಗುತ್ತವೆ. ಮುಂದಿನ ಅಂಗಡಿಗೆ ಹೋದಾಗ ಆ ಚೀಟಿ ನೋಡಿ ನಮ್ಮನ್ನು ಗುರುತು ಹಿಡಿಯುತ್ತವೆ. ಪ್ರತಿ ಫೋನಿಗೂ ಜಾಹೀರಾತಿನವರಿಗೆಂದೇ ಒಂದು ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಈ ಹೆಣ್ಣುಮಗಳು ಗರ್ಭಿಣಿಯೇ, ಸಾಲ ಹುಡುಕುತ್ತಿದ್ದಾಳೆಯೇ, ಯಾವ ಕಾಯಿಲೆಯ ಬಗ್ಗೆ ಓದಿದಳು ಎಂದು ಊಹಿಸಿ, ಆ ಊಹೆಯನ್ನೇ ಮಾರುತ್ತಾರೆ. ಸಂತೆಯಲ್ಲಿ ಎಮ್ಮೆಯ ಹಲ್ಲು ಎಣಿಸಿ ಬೆಲೆ ಕಟ್ಟುವಂತೆ ನಮ್ಮ ಬದುಕಿಗೆ ಬೆಲೆ ಕಟ್ಟುವ ವ್ಯಾಪಾರವಿದು.

ಇದು ಪಟ್ಟಣದವರ ಚಿಂತೆ, ನಮಗೇಕೆ ಎನ್ನುವ ಗೆಳತಿಯರಿಗೆ ಸಾಲದ ಆ್ಯಪ್‌ಗಳ ನೆನಪು ಮಾಡಿಕೊಟ್ಟರೆ ಸಾಕು. ಐದು ನಿಮಿಷದಲ್ಲಿ ಐದು ಸಾವಿರ ಎಂದು ಆಸೆ ತೋರಿಸಿ, ಹಣ ಕೊಡುವ ಮೊದಲು ಫೋನಿನಲ್ಲಿದ್ದ ಹೆಸರು, ನಂಬರು, ಫೋಟೋಗಳನ್ನೆಲ್ಲ ದೋಚಿಕೊಂಡರು. ಕಂತು ತಪ್ಪಿದೊಡನೆ ಬೀಗರಿಗೆ, ಪಕ್ಕದ ಮನೆಯವರಿಗೆ ಫೋನು ಮಾಡಿದರು. ಹೆಣ್ಣುಮಕ್ಕಳ ಫೋಟೋಗಳನ್ನು ವಿಕಾರಗೊಳಿಸಿ ಹಂಚುವುದಾಗಿ ಬೆದರಿಸಿದರು. ದೇಶದ ಹಲವೆಡೆ ಜೀವಗಳು ಹೋದವು. ಕೂಗು ಎದ್ದ ಮೇಲೆ 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಡಿಜಿಟಲ್ ಸಾಲದ ನಿಯಮಗಳನ್ನು ಹೊರಡಿಸಿತು. ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳ ಪಟ್ಟಿ, ಕರೆಗಳ ವಿವರ, ಫೋಟೋ ಕಡತ ಇವುಗಳನ್ನು ಮುಟ್ಟಕೂಡದು. ಕ್ಯಾಮೆರಾ, ಸ್ಥಳದ ವಿವರ ಮುಂತಾದವನ್ನು ಸಾಲ ಕೊಡುವಾಗಿನ ಪರಿಶೀಲನೆಗಾಗಿ ಒಂದು ಸಲ ಮಾತ್ರ, ಅದೂ ಸಾಲಗಾರರ ಸ್ಪಷ್ಟ ಒಪ್ಪಿಗೆ ಪಡೆದೇ ಬಳಸಬಹುದು. ಇದನ್ನು ಪ್ರತಿ ಸಂಘದ ಗೋಡೆಯ ಮೇಲೆ ಬರೆದು ಹಾಕಬೇಕು.

ಮನೆಯೊಳಗಿನ ಕಾವಲಿಗೂ ಕಂಪನಿಯ ಕಾವಲಿಗೂ ಏನು ಸಂಬಂಧ ಎಂದು ಕೇಳಬಹುದು. ಎರಡೂ ಕಡೆ ಹೆಣ್ಣಿನದ್ದನ್ನು ಅವಳನ್ನು ಕೇಳದೆಯೇ ತೆಗೆದುಕೊಳ್ಳಲಾಗುತ್ತಿದೆ. ಎರಡೂ ಕಡೆ "ಅವಳೇ ಒಪ್ಪಿದ್ದಾಳಲ್ಲ" ಎಂಬ ಸಮರ್ಥನೆ ಸಿದ್ಧವಾಗಿದೆ. ಒಪ್ಪಿಗೆ ಎಂದರೇನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಛತ್ರ ಗೊತ್ತುಮಾಡಿ, ಲಗ್ನಪತ್ರಿಕೆ ಅಚ್ಚು ಹಾಕಿಸಿ, ಆಮೇಲೆ "ಏನಮ್ಮಾ, ಗಂಡು ಒಪ್ಪಿಗೆ ತಾನೆ?" ಎಂದು ಕೇಳಿದಾಗ ತಲೆ ತಗ್ಗಿಸಿದ ಹೆಣ್ಣಿನ ಮೌನವನ್ನೇ ಹೂಂ ಎಂದು ಬರೆದುಕೊಂಡ ಸಮಾಜ ನಮ್ಮದು. ಇಂಗ್ಲಿಷಿನ ಇಪ್ಪತ್ತು ಪುಟ ಓಡಿಸಿ, ಕೊನೆಗೆ 'ಒಪ್ಪಿದ್ದೇನೆ' ಎಂಬ ಒಂದೇ ಗುಂಡಿ ಇಟ್ಟು, ಒತ್ತದಿದ್ದರೆ ಕೆಲಸವೇ ಆಗದು ಎನ್ನುವ ಕಂಪನಿಯ ರೀತಿಯೂ ಇದೇ ತಾನೆ?

ಇಲ್ಲಿ ನಮ್ಮ ಚಳವಳಿಯ ಒಳಗಿನದೇ ಒಂದು ಪ್ರಶ್ನೆಯನ್ನು ಎದುರಿಸಬೇಕು. ಖಾಸಗಿ ಎಂಬ ಪದವನ್ನೇ ನಮ್ಮ ವಿರುದ್ಧ ಬಳಸಿದರು. ಮನೆಯೊಳಗಿನ ಹಿಂಸೆ ಖಾಸಗಿಯಲ್ಲ ಎಂದು ಅಷ್ಟು ವರ್ಷ ಕೂಗಿದ ನಾವೇ ಈಗ ಖಾಸಗಿತನದ ಹಕ್ಕು ಕೇಳುವುದು ಹೇಗೆ? ಇದಕ್ಕೆ ಉತ್ತರ ಸರಳವಾಗಿದೆ. ಅಂದು ಅವರು ಹೇಳಿದ್ದು ಮನೆಯ ಖಾಸಗಿತನ, ಎಂದರೆ ಮನೆಯ ಯಜಮಾನನ ಖಾಸಗಿತನ. ನಾವು ಕೇಳುತ್ತಿರುವುದು ವ್ಯಕ್ತಿಯ ಖಾಸಗಿತನ. ಅದು ಮನೆಗಲ್ಲ, ಮನೆಯೊಳಗಿರುವ ಪ್ರತಿಯೊಬ್ಬ ಹೆಣ್ಣಿಗೂ ಸೇರಿದ್ದು. ಬೇಕಾದರೆ ಅವಳು ಅದನ್ನು ಗಂಡನ ಎದುರೂ ಎತ್ತಿ ಹಿಡಿಯಬಹುದು.

ಈ ಹಕ್ಕು ನಮಗೆ ದಕ್ಕಿದ್ದರಲ್ಲಿ ಕನ್ನಡನಾಡಿನ ಪಾಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಖಾಸಗಿತನದ ಹೆಸರಿನಲ್ಲಿ ಮನೆಯೊಳಗಿನ ದೌರ್ಜನ್ಯವನ್ನು ಮುಚ್ಚಿಡಬಹುದೆಂಬ ಸ್ತ್ರೀವಾದಿಗಳ ಟೀಕೆಯನ್ನೂ ಆ ತೀರ್ಪು ಗಮನಕ್ಕೆ ತೆಗೆದುಕೊಂಡಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಉಳಿಸಿಹೋದ ತೀರ್ಪು ಉಳಿದಿದೆ.

ತೀರ್ಪು ಬಂದರೆ ಸಾಲದು, ಕಾನೂನು ಬೇಕು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ವರದಿ ಕೊಟ್ಟಿತು. 2019ರಲ್ಲಿ ಮಸೂದೆ ಬಂತು, ಸಂಸತ್ತಿನ ಜಂಟಿ ಸಮಿತಿಗೆ ಹೋಯಿತು, 2022ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಕೊನೆಗೆ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಆ ಅಧಿಸೂಚನೆಯ ಪ್ರಕಾರ ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಹದಿನೆಂಟು ತಿಂಗಳ ನಂತರ.

ಈ ಕಾಯ್ದೆಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ನಮ್ಮ ಮಾಹಿತಿಯನ್ನು ಯಾಕೆ ಕೇಳುತ್ತೇವೆಂದು ಕಂಪನಿ ಮೊದಲೇ ತಿಳಿಸಬೇಕು. ಒಪ್ಪಿಗೆಯ ಕೋರಿಕೆಯನ್ನು ನಾವು ಬಯಸಿದರೆ ಕನ್ನಡದಲ್ಲೇ ಕೊಡಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯಬಹುದು, ತಪ್ಪು ಮಾಹಿತಿಯನ್ನು ತಿದ್ದಿಸಬಹುದು, ಬೇಡದ್ದನ್ನು ಅಳಿಸಿ ಎಂದು ಕೇಳಬಹುದು. ಹದಿನೆಂಟು ತುಂಬದ ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸುವುದಕ್ಕೆ ನಿಷೇಧವಿದೆ. ಕಂಪನಿಗಳಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು.

ಆದರೆ ನಮ್ಮ ಕಣ್ಣಿನಿಂದ ಓದಿದರೆ ಹಲವು ತೂತುಗಳು ಕಾಣುತ್ತವೆ.

ಮೊದಲನೆಯ ತೂತು ನಮಗೆ ಹಳೆಯ ಪರಿಚಯ. ಒಬ್ಬ ವ್ಯಕ್ತಿ ತನ್ನ 'ವೈಯಕ್ತಿಕ ಅಥವಾ ಗೃಹ ಸಂಬಂಧಿ ಉದ್ದೇಶಕ್ಕೆ' ಮಾಹಿತಿ ಬಳಸಿದರೆ ಈ ಕಾಯ್ದೆ ಅವನಿಗೆ ಅನ್ವಯಿಸುವುದಿಲ್ಲ. ನಂಟರಿಷ್ಟರ ನಂಬರು ಬರೆದಿಟ್ಟುಕೊಂಡವರಿಗೆಲ್ಲ ತೊಂದರೆಯಾಗದಿರಲಿ ಎಂಬುದು ಇದರ ಉದ್ದೇಶವಿರಬಹುದು. ಅದು ಸರಿಯೇ. ಆದರೆ ಹೆಂಡತಿಯ ಫೋನಿನಲ್ಲಿ ಬೇಹುಗಾರಿಕೆಯ ಆ್ಯಪ್ ಅಡಗಿಸಿದವನೂ "ಇದು ನಮ್ಮ ಮನೆಯ ವಿಷಯ" ಎಂದು ಇದೇ ಬಾಗಿಲಿನಿಂದ ಜಾರಿಕೊಳ್ಳಬಹುದಲ್ಲ! ಗಾದೆಯಲ್ಲಿದ್ದದ್ದು ಈಗ ಕಾಯ್ದೆಯಲ್ಲಿ ಬಂದು ಕುಳಿತಂತಾಯಿತು. ನಿಜ, ಬೇರೆ ಕಾನೂನಿನ ಆಸರೆ ಇದೆ. ಹೆಣ್ಣಿನ ಅಂತರಜಾಲ, ಇ-ಮೇಲ್, ಸಂದೇಶಗಳ ಬಳಕೆಯ ಮೇಲೆ ಪುರುಷನೊಬ್ಬ ಕಣ್ಣಿಡುವುದು 2013ರಿಂದಲೂ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸಜೆ. ಗಂಡನಿಗೆ ವಿನಾಯಿತಿ ಎಂದು ಅಲ್ಲೆಲ್ಲೂ ಬರೆದಿಲ್ಲ. ಆದರೆ ಗಂಡನ ಮೇಲೆ ಈ ಕಲಮು ಹಾಕಿ ಎಂದರೆ ಠಾಣೆಯಲ್ಲಿ ಏನು ಉತ್ತರ ಬರುತ್ತದೆಂದು ಊಹಿಸುವುದು ಕಷ್ಟವೇ? ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಹಿಂಸೆಗಳ ವಿವರಣೆ ಇದೆ. ಫೋನಿನ ಮೂಲಕ ನಡೆಯುವ ಕಾವಲಿನ ಹೆಸರೇ ಅಲ್ಲಿಲ್ಲ.

ಎರಡನೆಯದು ಪರಿಹಾರದ ಮಾತು. ಕಂಪನಿ ತಪ್ಪು ಮಾಡಿ ಕಟ್ಟುವ ದಂಡದ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ನೊಂದ ಹೆಣ್ಣಿಗೆ ಒಂದು ಕಾಸೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43-ಎ ಕಲಮಿನಲ್ಲಿ ಪರಿಹಾರ ಕೇಳುವ ದಾರಿಯೊಂದಿತ್ತು. ಅದನ್ನು ತೆಗೆದುಹಾಕುವುದಾಗಿ ಹೊಸ ಕಾಯ್ದೆ ಹೇಳುತ್ತದೆ.

ಮೂರನೆಯದು ಬೆದರಿಕೆಯ ಮಾತು. ದೂರು ಸುಳ್ಳು ಅಥವಾ ಕ್ಷುಲ್ಲಕ ಎನಿಸಿದರೆ ದೂರು ಕೊಟ್ಟವರಿಗೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಹಾಕಬಹುದು. ಕೂಲಿ ಮಾಡುವ ಹೆಣ್ಣಿಗೆ ಹತ್ತು ಸಾವಿರವೆಂದರೆ ಎಷ್ಟು ದಿನದ ಬೆವರು! ದೊಡ್ಡ ಕಂಪನಿಯ ಮೇಲೆ ದೂರು ಬರೆಯಲು ಅವಳ ಕೈ ನಡುಗದೆ ಇದ್ದೀತೇ? 498-ಎ ದುರುಪಯೋಗವಾಗುತ್ತಿದೆ ಎಂದು ಹುಯಿಲೆಬ್ಬಿಸಿದವರ ದನಿಯೇ ಇಲ್ಲಿಯೂ ಕೇಳಿಸುತ್ತದೆ.

ನಾಲ್ಕನೆಯದು ಸರ್ಕಾರ ತನಗೆ ತಾನೇ ಕೊಟ್ಟುಕೊಂಡ ರಿಯಾಯಿತಿ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಹೇಳಿ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಈ ಕಾಯ್ದೆಯಿಂದ ಹೊರಗಿಡಬಹುದು. ಅದರ ಜೊತೆಗೆ ಮಾಹಿತಿ ಹಕ್ಕಿನ ಕಾಯ್ದೆಗೂ ಕತ್ತರಿ ಬಿದ್ದಿದೆ. ಹಿಂದೆ ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿದ ವಿವರವನ್ನು ವೈಯಕ್ತಿಕವೆಂದು ತಳ್ಳಿಹಾಕುವಂತಿರಲಿಲ್ಲ. 2025ರ ನವೆಂಬರಿನಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ವೈಯಕ್ತಿಕ ಮಾಹಿತಿ ಎಂದರೆ ಸಾಕು, ಅಧಿಕಾರಿ ನಿರಾಕರಿಸಬಹುದು. ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಕೊಡಬಹುದೆಂಬ ಇನ್ನೊಂದು ಉಪಕಲಮು ಉಳಿದಿದೆ, ಆದರೆ ಅದು ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದು. ಇದರ ಪೆಟ್ಟು ನಮಗೆ ಎಲ್ಲಿ ಬೀಳುತ್ತದೆ ನೋಡಿ. 2018ರಲ್ಲಿ ಮಧ್ಯಪ್ರದೇಶ ಹೈಕೋರ್ಟು ಸರ್ಕಾರಿ ಸಂಸ್ಥೆಯಲ್ಲಿರುವ ಗಂಡನ ಸಂಬಳವೆಷ್ಟೆಂದು ತಿಳಿಯುವ ಹಕ್ಕು ಹೆಂಡತಿಗಿದೆ ಎಂದು ಹೇಳಿತ್ತು. ಜೀವನಾಂಶಕ್ಕಾಗಿ ಅಲೆಯುವ ಹೆಣ್ಣುಮಕ್ಕಳಿಗೆ ಅದು ಊರುಗೋಲಾಗಿತ್ತು. ಕಂಪನಿಗಳ ಎದುರು ಗುರಾಣಿಯಾಗಬೇಕಾದ ಖಾಸಗಿತನ ಈಗ ಹೆಣ್ಣಿನ ಎದುರು ಬೇಲಿಯಾದರೆ ಯಾರಿಗೆ ಲಾಭ?

ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಮುಂದೆ 2023ರಲ್ಲಿ ಇಂಥದೇ ಒಂದು ಪ್ರಕರಣ ಬಂದಿತ್ತು. ಜೀವನಾಂಶದ ಆದೇಶ ಕೈಯಲ್ಲಿದ್ದೂ ಗಂಡನ ವಿಳಾಸ ಸಿಗದ ಮಹಿಳೆಯೊಬ್ಬರು ಆಧಾರ್‌ನಲ್ಲಿರುವ ವಿಳಾಸ ಕೊಡಿ ಎಂದು ಕೇಳಿದ್ದರು. ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನ ಅಳಿಸಿಹೋಗುವುದಿಲ್ಲ, ಆಧಾರ್ ಕಾಯ್ದೆಯಲ್ಲಿ ಹೇಳಿದ ವಿಧಾನವನ್ನು ಮೀರಿ ಅದನ್ನು ಕೊಡಲಾಗದು ಎಂದು ವಿಭಾಗೀಯ ಪೀಠ ತೀರ್ಮಾನಿಸಿತು. ಆ ಹೆಣ್ಣುಮಗಳ ಕಷ್ಟ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೂ ಆ ತತ್ವವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳೋಣ. ಮದುವೆಯಿಂದ ಗಂಡನ ಖಾಸಗಿತನ ಕರಗುವುದಿಲ್ಲವೆಂದರೆ ಹೆಂಡತಿಯದೂ ಕರಗುವುದಿಲ್ಲ. ಅವನ ವಿಳಾಸಕ್ಕೆ ಇರುವ ಬೀಗ ಅವಳ ಫೋನಿಗೂ ಇರಬೇಕು. ಅವಳ ಅನ್ನದ ಪ್ರಶ್ನೆ ಬಂದಾಗ ಮಾತ್ರ ಆ ಬೀಗ ತೆಗೆಸಲು ಸುಲಭವಾದ, ಖರ್ಚಿಲ್ಲದ ದಾರಿಯನ್ನು ಕಾನೂನು ತೋರಿಸಬೇಕು.

ಇಷ್ಟೆಲ್ಲ ತಿದ್ದುವವರು ಯಾರು? ಕಾನೂನು ಮಾಡುವವರೇ ತಿದ್ದಬೇಕು. ಅವರು ತಾವಾಗಿ ತಿದ್ದುವುದಿಲ್ಲ. ಈ ಕಾಯ್ದೆಯ ನಿಯಮಗಳ ಕರಡಿಗೆ 2025ರ ಆರಂಭದಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದರು. ಬಂದ ಅಭಿಪ್ರಾಯಗಳು 6,915 ಎಂದು ಸರ್ಕಾರವೇ ಹೇಳಿದೆ. ನೂರನಲವತ್ತು ಕೋಟಿ ಜನರ ದೇಶದಲ್ಲಿ ಏಳು ಸಾವಿರವೂ ಇಲ್ಲ! ಇನ್ನೊಂದು ಲೆಕ್ಕ ನೋಡಿ. 2012ರ ಡಿಸೆಂಬರಿನ ದೆಹಲಿ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಗೆ ಒಂದು ತಿಂಗಳೊಳಗೆ ಸುಮಾರು 80,000 ಸಲಹೆಗಳು ಬಂದವು. ಮೇಲೆ ಹೇಳಿದ, ಹೆಣ್ಣಿನ ಸಂದೇಶಗಳ ಮೇಲೆ ಕಣ್ಣಿಡುವುದನ್ನು ಅಪರಾಧವಾಗಿಸಿದ ಕಲಮು ಆ ಹೋರಾಟದಿಂದಲೇ ಹುಟ್ಟಿತು. ದೂರದ ಮಾತೇಕೆ? 2025ರ ಜನವರಿಯಲ್ಲಿ ಸಾಲ ವಸೂಲಿಯವರ ಕಾಟ ತಾಳಲಾರದೆ ಹಾವೇರಿ ಜಿಲ್ಲೆಯ ಹೆಂಗಸರು ತಮ್ಮ ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳುಹಿಸಿ ಪ್ರತಿಭಟಿಸಿದರು. ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಬಂತು. ಅಳುವ ಮಗುವಿಗೆ ಹಾಲು ಎನ್ನುತ್ತಾರೆ. ನಾವು ಅಳಬೇಕಾಗಿಲ್ಲ, ಕೇಳಿದರೆ ಸಾಕು. ಆದರೆ ಒಟ್ಟಾಗಿ ಕೇಳಬೇಕು, ಸರಿಯಾದ ಬಾಗಿಲಲ್ಲಿ ನಿಂತು ಕೇಳಬೇಕು.

ಬಾಗಿಲು ಯಾವುದು ಎಂಬುದು ಮುಖ್ಯ. ದತ್ತಾಂಶ ಕಾಯ್ದೆ, ಮಾಹಿತಿ ಹಕ್ಕು, ಕೌಟುಂಬಿಕ ದೌರ್ಜನ್ಯ ಕಾಯ್ದೆ, ಇವೆಲ್ಲ ಸಂಸತ್ತಿನ ಕೆಲಸ. ಅದಕ್ಕೆ ಲೋಕಸಭಾ ಸದಸ್ಯರ ಬಳಿ ಹೋಗಬೇಕು. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. 2024ರ ಚುನಾವಣೆಯಲ್ಲಿ ಈ 28ರಲ್ಲಿ ಗೆದ್ದ ಮಹಿಳೆಯರು ಮೂವರೇ. ಆದ್ದರಿಂದ ಗಂಡಸರಾದ ಸದಸ್ಯರಿಗೂ ನಮ್ಮ ಕಷ್ಟ ಅರ್ಥವಾಗುವ ಹಾಗೆ ಹೇಳುವ ಹೊಣೆ ನಮ್ಮ ಮೇಲಿದೆ. ಪೊಲೀಸ್ ಠಾಣೆ, ಸಂರಕ್ಷಣಾಧಿಕಾರಿ, ಸಾಂತ್ವನ ಕೇಂದ್ರಗಳು ರಾಜ್ಯ ಸರ್ಕಾರದ ಕೈಯಲ್ಲಿವೆ. ಅದಕ್ಕೆ ಶಾಸಕರ ಬಳಿ ಹೋಗಬೇಕು. ಶಾಸಕರ ಬಳಿ ಹೋಗಿ ದತ್ತಾಂಶ ಕಾಯ್ದೆ ತಿದ್ದಿ ಎಂದರೆ "ಅದು ದೆಹಲಿಯದ್ದಮ್ಮಾ" ಎಂದು ಕಳುಹಿಸಿಬಿಡುತ್ತಾರೆ.

ಸಂಸದರಿಗೆ ಕೊಡುವ ಮನವಿಯಲ್ಲಿ ಇಷ್ಟು ಇರಲಿ: ಗೃಹ ಉದ್ದೇಶದ ವಿನಾಯಿತಿ ಗುಪ್ತ ಬೇಹುಗಾರಿಕೆಗೆ ಸಲ್ಲದೆಂದು ಸ್ಪಷ್ಟಪಡಿಸಬೇಕು. ಫೋನು ಮತ್ತು ಅಂತರಜಾಲದ ಮೂಲಕ ಕಾವಲಿಡುವುದನ್ನು ಕೌಟುಂಬಿಕ ದೌರ್ಜನ್ಯದ ವಿವರಣೆಯಲ್ಲಿ ಸೇರಿಸಬೇಕು. ನೊಂದವರಿಗೆ ಪರಿಹಾರ ಸಿಗಬೇಕು. ದೂರುದಾರರ ಮೇಲಿನ ದಂಡ ರದ್ದಾಗಬೇಕು. ಮಾಹಿತಿ ಹಕ್ಕಿನ ಹಳೆಯ ಕಲಮು ಮರಳಬೇಕು. ದತ್ತಾಂಶ ಸಂರಕ್ಷಣಾ ಮಂಡಳಿ ಆದಷ್ಟೂ ಡಿಜಿಟಲ್ ಕಚೇರಿಯಾಗಿಯೇ ನಡೆಯುವುದಂತೆ. ಕಂಪ್ಯೂಟರ್ ಬಾರದ ಹೆಣ್ಣುಮಗಳೂ ಕನ್ನಡದಲ್ಲಿ, ಬೇಕಾದರೆ ಬಾಯಿಮಾತಿನಲ್ಲಿ, ತಾಲ್ಲೂಕಿನಲ್ಲೇ ದೂರು ಕೊಡುವಂತಾಗಬೇಕು. ಶಾಸಕರಿಗೆ ಕೊಡುವ ಮನವಿಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿ.ಇ.ಎನ್. ಠಾಣೆಗಳಲ್ಲಿ ತರಬೇತಾದ ಮಹಿಳಾ ಸಿಬ್ಬಂದಿ, 78ನೇ ಕಲಮಿನ ದೂರನ್ನು ಗಂಡನ ಮೇಲೂ ದಾಖಲಿಸಬೇಕೆಂಬ ಸ್ಪಷ್ಟ ಸುತ್ತೋಲೆ, ಸಂರಕ್ಷಣಾಧಿಕಾರಿಗಳಿಗೆ ಫೋನು ಪರಿಶೀಲನೆಯ ತಿಳಿವಳಿಕೆ, ಇವನ್ನು ಕೇಳೋಣ.

ಮನವಿ ಒಂದೇ ಪುಟದಲ್ಲಿರಲಿ, ಕನ್ನಡದಲ್ಲಿರಲಿ. ಸಂಘದ ಸಭೆಯಲ್ಲಿ ಓದಿ, ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಒಕ್ಕೂಟದ ಸಂಘಗಳೆಲ್ಲ ಸೇರಿದರೆ ಬಲ ಹೆಚ್ಚು. ಐದಾರು ಮಂದಿ ಕಚೇರಿಗೆ ಹೋಗಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ. "ಆಯಿತು, ನೋಡೋಣ" ಎಂಬ ಮಾತಿಗೆ ತೃಪ್ತರಾಗಬೇಡಿ. "ಮುಂದಿನ ಅಧಿವೇಶನದಲ್ಲಿ ಈ ಬಗ್ಗೆ ಪ್ರಶ್ನೆ ಕೇಳುತ್ತೀರಾ?" ಎಂದು ಕೇಳಿ. ಸದಸ್ಯರು ಕೇಳಿದ ಪ್ರಶ್ನೆಗೆ ಮಂತ್ರಿಗಳು ಕೊಟ್ಟ ಉತ್ತರ ಸದನದ ದಾಖಲೆಯಲ್ಲಿ ಉಳಿಯುತ್ತದೆ. ಲೋಕಸಭೆ, ರಾಜ್ಯಸಭೆ, ವಿಧಾನಸಭೆ ಮೂರಕ್ಕೂ ಅರ್ಜಿಗಳ ಸಮಿತಿಗಳಿವೆ ಎಂಬುದನ್ನೂ ನೆನಪಿಸಿ. ತಿಂಗಳಾದರೂ ಉತ್ತರ ಬಾರದಿದ್ದರೆ ಮತ್ತೆ ಹೋಗಿ. ಓಟು ಕೇಳಲು ಅವರು ನಮ್ಮ ಮನೆಗೆ ಎಷ್ಟು ಸಲ ಬಂದಿದ್ದರೋ ಅಷ್ಟು ಸಲವಾದರೂ ಹೋಗಿ.

ಒಂದು ಎಚ್ಚರಿಕೆಯ ಮಾತು. ಮನವಿಯಲ್ಲಿ ನೊಂದ ಹೆಣ್ಣುಮಗಳ ಹೆಸರು, ಊರು, ಫೋನ್ ನಂಬರು ಬರೆಯಬೇಡಿ. ಖಾಸಗಿತನ ಕೇಳುವ ಕಾಗದದಲ್ಲೇ ಅದನ್ನು ಬಯಲು ಮಾಡಬಾರದು. ಇನ್ನು, ತನ್ನ ಫೋನಿನ ಮೇಲೆ ಕಾವಲಿದೆ ಎಂಬ ಅನುಮಾನ ಯಾರಿಗಾದರೂ ಬಂದರೆ ತಕ್ಷಣ ಎಲ್ಲವನ್ನೂ ಅಳಿಸುವುದು ಬೇಡ. ಕಾವಲು ತಪ್ಪಿದ್ದು ತಿಳಿದೊಡನೆ ಅವನು ಕೆರಳಬಹುದು, ಪುರಾವೆಯೂ ಹೋಗಬಹುದು. ನಂಬಿಕೆಯ ಗೆಳತಿಯ ಅಥವಾ ಆಶಾ ಕಾರ್ಯಕರ್ತೆಯ ಫೋನಿನಿಂದ 181ಕ್ಕೆ ಕರೆ ಮಾಡಿ ಸಲಹೆ ಪಡೆಯಲಿ. ಸಂಘದ ಪಾಸ್‌ಬುಕ್ ಭದ್ರವಾಗಿರಲೆಂದು ಪೆಟ್ಟಿಗೆಯಲ್ಲಿಡುವ ನಾವು ಫೋನಿನ ಗುಪ್ತಸಂಖ್ಯೆಯನ್ನೂ ಹಾಗೆಯೇ ಕಾಯ್ದುಕೊಳ್ಳುವುದನ್ನು ಹೆಣ್ಣುಮಕ್ಕಳಿಗೆ ಕಲಿಸೋಣ. ಗುಪ್ತಸಂಖ್ಯೆ ಕೊಡದಿರುವುದು ಗಂಡನ ಮೇಲಿನ ಅಪನಂಬಿಕೆಯಲ್ಲ, ತನ್ನ ಮೇಲಿನ ಗೌರವ ಎಂಬುದನ್ನು ಗಂಡುಮಕ್ಕಳಿಗೂ ಕಲಿಸೋಣ.

ಗೆಳತಿಯರೇ, ಉಳಿತಾಯದ ಹತ್ತು ರೂಪಾಯಿಯಿಂದ ಶುರುಮಾಡಿದ ನಮ್ಮ ಸಂಘಗಳು ಇಂದು ಬ್ಯಾಂಕಿನವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುತ್ತಿವೆ. ಹೆಂಡದಂಗಡಿ ಮುಚ್ಚಿಸಿದವರೂ ಪಂಚಾಯಿತಿಯ ಖರ್ಚಿನ ಲೆಕ್ಕ ಕೇಳಿದವರೂ ನಮ್ಮಲ್ಲೇ ಇದ್ದಾರೆ. ಸಂಸದರ ಕಚೇರಿಯ ಮೆಟ್ಟಿಲೇನೂ ಅದಕ್ಕಿಂತ ಎತ್ತರವಲ್ಲ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ. ನಿಮ್ಮ ಸಂಘ ಮಾಡಿದ ಠರಾವಿನ ಪ್ರತಿಯನ್ನೂ ನಿಮ್ಮ ಪ್ರತಿನಿಧಿ ಕೊಟ್ಟ ಉತ್ತರವನ್ನೂ ನಮಗೆ ಕಳುಹಿಸಿಕೊಡಿ. ಯಾರು ಏನು ಹೇಳಿದರು, ಯಾರು ಏನೂ ಹೇಳಲಿಲ್ಲ ಎಂಬುದನ್ನು ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕೋಣ.